ಅಡ್ಡಗಲ್ಲಿನ ಕೆಳಗಿನ ಹಾರೆ

ನಮ್ಮೂರ ಬೆಟ್ಟ ಮಗ್ಗುಲು ಬದಲಿಸಿದ ದಿನ ನಾನು ದೋಣಿಕಟ್ಟೆ ಬೀದಿಯಲ್ಲಿ ಯಾರದೋ ಹಿತ್ತಿಲ ಗೋಡೆ ಎಬ್ಬಿಸುತ್ತಿದ್ದೆ. ಕಲ್ಲಿನ ಮೇಲಿಟ್ಟ ರಸಮಟ್ಟದ ಗುಳ್ಳೆ ನಡುವಿನಿಂದ ತಾನಾಗಿಯೇ ಸರಿದು ಎಡತುದಿಗೆ ಹೋಗಿ ನಿಂತಿತು. ಪಕ್ಕದ ಬಾವಿಯ ನೀರು ಗುಡುಗುಡು ಎಂದಿತು. ಬೀದಿಯ ನಾಯಿಗಳೆಲ್ಲ ಎದ್ದು, ಒಂದು ಸುತ್ತು ತಿರುಗಿ, ಬೇರೆ ಕಡೆಗೆ ತಲೆ ಹಾಕಿ ಮಲಗಿದವು. "ಅಜ್ಜ ಮಗ್ಗುಲಾದ್ನಪ್ಪೋ!" ಎಂದು ಯಾರೋ ಕೂಗಿಕೊಂಡರು. ನಾನು ಕರಣೆ ಕೆಳಗಿಟ್ಟು ಕೈ ತೊಳೆದುಕೊಂಡೆ. ಆ ಗೋಡೆ ಇನ್ನು ಎರಡು ತಿಂಗಳು ಮುಗಿಯುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು.

ಬೆಟ್ಟವನ್ನು ನಾವು ಅಜ್ಜ ಎನ್ನುತ್ತೇವೆ. ಹದಿನೆಂಟಿಪ್ಪತ್ತು ವರ್ಷಕ್ಕೊಮ್ಮೆ ಅವನು ಮಲಗಿದಲ್ಲೇ ಮಗ್ಗುಲಾಗುತ್ತಾನೆ. ಆದ ದಿನದಿಂದ ಊರಿನ ಯಾವ ಮನೆಗೂ ನಿದ್ದೆಯಿಲ್ಲ. ಮಂಪರು ಬರುತ್ತದೆ, ಆಕಳಿಕೆ ಬರುತ್ತದೆ, ನಿದ್ದೆ ಮಾತ್ರ ಬರುವುದಿಲ್ಲ. ಮನೆಯ ಬಾಗಿಲನ್ನು ಅಜ್ಜನ ಹೊಸ ಮಗ್ಗುಲಿಗೆ ಸರಿಯಾಗಿ ಇನ್ನೊಂದು ಕಡೆ ಒಡೆದು ಇಟ್ಟ ಮೇಲೆಯೇ ಆ ಮನೆಯವರು ಕಣ್ಣು ಮುಚ್ಚುವುದು. ನೆಂಟರ ಮನೆಗೆ ಹೋಗಿ ಮಲಗಿದರೂ ಬರುವುದಿಲ್ಲ, ಹೊಳೆಯ ಆಚೆ ಹೋಗಿ ಮಲಗಿದರೂ ಬರುವುದಿಲ್ಲ. ಮನೆಯನ್ನೇ ಬಿಟ್ಟುಕೊಟ್ಟು ಊರಿನ ಋಣ ಹರಿದುಕೊಂಡು ಹೋದವರಿಗಷ್ಟೇ ಬರುತ್ತದೆ. ಹಾಗಾಗಿ ನಮ್ಮೂರಿನ ಮನೆಗಳ ಗೋಡೆ ತುಂಬ ಮುಚ್ಚಿದ ಬಾಗಿಲುಗಳ ಗುರುತು. ಪರಸ್ಥಳದವರು ನೋಡಿ ನಗುತ್ತಾರೆ. ಎರಡು ದಿನ ಇಲ್ಲೇ ಇರಿ ಸ್ವಾಮಿ, ಆಮೇಲೆ ನಗಿ ಎನ್ನುತ್ತೇನೆ.

ಯಾವ ಮನೆಗೆ ಯಾವ ದಿಕ್ಕು ಎಂದು ಹೇಳುವವರು ಫಂಗ್ ಮಾಸ್ತರು. ಅವರ ಮುತ್ತಜ್ಜ ಚೀನಾ ದೇಶದಿಂದ ಹಡಗಿನಲ್ಲಿ ಬಂದಿಳಿದಾಗ ಕಂಕುಳಲ್ಲಿ ಇದ್ದದ್ದು ಎರಡೇ ವಸ್ತು. ಒಂದು ಸೂಜಿತಟ್ಟೆ: ಮರದ ದುಂಡು ಫಲಕ, ನಡುವೆ ನಡುಗುವ ಸೂಜಿ, ಸುತ್ತ ಇರುವೆ ಸಾಲಿನಂಥ ಅಕ್ಷರಗಳ ಬಳೆಗಳು. ಇನ್ನೊಂದು ಪಂಚಾಂಗ. ಅದರಲ್ಲಿ ಹನ್ನೆರಡು ದಿನಗಳಿಗೆ ಹನ್ನೆರಡು ಹೆಸರು, ತುಂಬುವ ದಿನ, ಒಡೆಯುವ ದಿನ, ತೆರೆಯುವ ದಿನ, ಮುಚ್ಚುವ ದಿನ ಎಂದು, ಒಂದಾದ ಮೇಲೊಂದು ಸುತ್ತಿ ಬರುತ್ತವೆ. ಬಾಗಿಲು ಇಡುವುದು ತೆರೆಯುವ ದಿನದಲ್ಲಿ, ಅದೂ ಮಾಸ್ತರು ಮನೆಗೊಂದರಂತೆ ಹಚ್ಚಿಟ್ಟ ಊದಿನಕಡ್ಡಿ ಉರಿದು ಮುಗಿಯುವುದರೊಳಗೆ. ನಾಲ್ಕು ತಲೆಮಾರಿನಿಂದ ಅವರ ಮನೆಯವರು ತೋರಿಸಿದ್ದಾರೆ, ನಮ್ಮ ಮನೆಯವರು ಒಡೆದಿದ್ದಾರೆ. ನಮ್ಮಪ್ಪ ಗಾರೆಯವನು, ಅವನ ಕೈ ಕೆಳಗೆ ಕಲಿತ ನಾನು ಗಾರೆಯವಳು. ಹೆಸರು ಚೆನ್ನಾಜಮ್ಮ. ಈ ಊರಿನಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ ಎನ್ನುತ್ತಾರೆ, ಅದು ನಿಜವೇ.

ಸೂಜಿ ನೋಡುವಾಗ ಹತ್ತಿರ ಕಬ್ಬಿಣ ಇರಕೂಡದು. ಇದು ನಮ್ಮೂರಿನ ಕೂಸಿಗೂ ಗೊತ್ತು. ಮಾಸ್ತರು ಬೀದಿಗೆ ಕಾಲಿಟ್ಟರೆ ಸಾಕು, ಹೆಂಗಸರು ಈಳಿಗೆಮಣೆ, ಬಾಣಲೆ, ಬೀಗದಕೈ, ತಲೆಯ ಪಿನ್ನು ಎಲ್ಲವನ್ನೂ ಕುಕ್ಕೆಗೆ ಹಾಕಿ ಬೀದಿಯ ತುದಿಗೆ ಒಯ್ದು ಇಡುತ್ತಾರೆ. ನಮ್ಮ ಉಳಿ ಸುತ್ತಿಗೆ ಬರುವುದು ದಿಕ್ಕು ಗೊತ್ತಾದ ಮೇಲೆ. ಚೌಕಟ್ಟಿಗೂ ಮರದ ಗೂಟವೇ, ಮೊಳೆ ಇಲ್ಲ. ಗೋಡೆಯೊಳಗೆ ಕಬ್ಬಿಣ ಸೇರಿಸಿದ ಗಾರೆಯವರ ಕರಣೆಯನ್ನು ಕಿತ್ತುಕೊಂಡು, ಮಾಸ್ತರ ಮನೆಯ ಗೂಡಿನಲ್ಲಿಟ್ಟು ಗಾರೆ ಬಳಿದುಬಿಡುತ್ತಾರೆ. ಅಜ್ಜ ಇನ್ನೊಮ್ಮೆ ಮಗ್ಗುಲಾಗುವವರೆಗೂ ಅವರು ಗಾರೆ ಕೆಲಸ ಮುಟ್ಟುವ ಹಾಗಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಕಬ್ಬಿಣ ಸೇರಿಸಿದ್ದೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಕಡೆಯವರೆಗೆ ಮುಚ್ಚಿಟ್ಟು ಹೇಳುವಷ್ಟು ಜಾಣತನ ನನಗಿಲ್ಲ.

ಹಿಂದಿನ ಸಲ ಅಜ್ಜ ಮಗ್ಗುಲಾದಾಗ ನನಗೆ ಇಪ್ಪತ್ತಮೂರು. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಒಬ್ಬಳೇ ಹಿಡಿದ ಮೊದಲ ಬಾಗಿಲು ದೋಣಿಕಟ್ಟೆ ಬೀದಿಯ ಕೊನೆಯ ಮನೆಯದು. ಮಾಸ್ತರಿಗೆ ಹೆಂಗಸೊಬ್ಬಳು ಬಾಗಿಲು ಇಡುವುದು ಅಷ್ಟೊಂದು ಸಮ್ಮತವಿರಲಿಲ್ಲ. "ಕಡ್ಡಿ ಮುಗಿಯೋದರೊಳಗೆ ನಿಲ್ಲಿಸಿದರೆ ನೀನು ಗಾರೆಯವಳು. ಇಲ್ಲಾಂದ್ರೆ ನಾಳೆಯಿಂದ ಮನೇಲಿ ಮುದ್ದೆ ತಿರುವು" ಎಂದಿದ್ದರು. ಕಡ್ಡಿ ಎರಡು ಬೆರಳಿನಷ್ಟು ಉಳಿದಿತ್ತು. ಬಾಗಿಲ ತಲೆಯ ಮೇಲಿನ ಅಡ್ಡಗಲ್ಲು ಎತ್ತಿ ಕೂರಿಸಿದೆ. ಕೂರಿಸುತ್ತಿದ್ದ ಹಾಗೇ ಅದು ನಡುವೆ ಪಟ್ ಎಂದು ಬಿರುಕು ಬಿಟ್ಟಿತು. ಇನ್ನೊಂದು ಕಲ್ಲು ತರಲು ಹೊತ್ತಿಲ್ಲ. ಮಾಸ್ತರು ಹೊರಗೆ ಕಡ್ಡಿಯ ಮುಂದೆ ಕೂತು "ಆಯ್ತೇನಮ್ಮಾ, ಆಯ್ತೇನು?" ಎಂದು ಕೂಗುತ್ತಿದ್ದಾರೆ. ನಾನು ಹಿಂದೆ ಮುಂದೆ ನೋಡದೆ ಅಪ್ಪನ ಹಾರೆಯನ್ನು ತೆಗೆದು ಬಿರುಕಿನ ಅಡಿಗೆ ಅಡ್ಡ ತೂರಿಸಿ, ಗಾರೆ ಮೆತ್ತಿ, ಕೈಯಲ್ಲೇ ಸಾರಿಸಿಬಿಟ್ಟೆ. "ಆಯ್ತು ಮಾಸ್ತರೇ!" ಎಂದೆ. ಬಾಗಿಲು ನಿಂತಿತು. ಆ ಮನೆಯ ಯಜಮಾನತಿ ಸಂತೋಷಕ್ಕೆ ನನಗೆ ಬೆಲ್ಲದ ಪಾಯಸ ಮಾಡಿ ಬಡಿಸಿದಳು. ಅಪ್ಪನ ಹಾರೆ ಎಲ್ಲಿ ಎಂದು ಕೇಳಿದವರಿಗೆ ಹೊಳೆಗೆ ಬಿತ್ತು ಎಂದೆ. ದಿಕ್ಕು ನೋಡಿ ಆದ ಮೇಲೆ ಸೇರಿದ ಕಬ್ಬಿಣವಾದ್ದರಿಂದ ಮನೆಯವರಿಗೆ ಒಳ್ಳೆಯ ನಿದ್ದೆಯೇ ಬಂತು. ಇಪ್ಪತ್ತು ವರ್ಷ ಬಂತು.

ಈಗ ಆ ಮನೆಯಲ್ಲಿ ಇರುವವಳು ಅವಳ ಸೊಸೆ ಇಂದ್ರಾಣಿ. ಗಂಡ ಕೆಂಚ ದೋಣಿ ಹಾಕುತ್ತಾನೆ. ಆರು ತಿಂಗಳ ಹೆಣ್ಣುಕೂಸು, ಮಿಂಗಿ. ಮಾಸ್ತರು ಸೂಜಿತಟ್ಟೆ ಹಿಡಿದು ನಿಲ್ಲುವುದು ಹಳೆಯ ಬಾಗಿಲಿನ ಹೊಸ್ತಿಲ ಮೇಲೆ. ಅಲ್ಲಿಂದ ತೋರಿಸಿದ ದಿಕ್ಕಿಗೆ ನಾವು ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಈ ಸಲದ ಮೊದಲ ತೆರೆಯುವ ದಿನ ಅಲ್ಲಿ ನಿಂತ ಅವರ ತಲೆಯಿಂದ ಒಂದು ಗೇಣು ಮೇಲೆ, ಗಾರೆಯ ಹಿಂದೆ, ಅಪ್ಪನ ಹಾರೆ ಮಲಗಿತ್ತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಹೊಸ್ತಿಲು ಕಂಡ ಕೂಡಲೇ ಕಣ್ಣು ಅಡ್ಡಗಲ್ಲಿನತ್ತ ಹೋಯಿತು. ಆದರೆ ಒಂದು ಹಾರೆ ಏನು ಮಹಾ ಮಾಡೀತು, ಇಪ್ಪತ್ತು ವರ್ಷದ ತುಕ್ಕು ತಿಂದು ಅರ್ಧ ಆಗಿರುತ್ತದೆ ಎಂದುಕೊಂಡು ಬಾಯಿ ಮುಚ್ಚಿಕೊಂಡು ಗೆರೆ ಎಳೆದೆ. ಮಾಸ್ತರು ತೋರಿಸಿದ ಕಡೆ ಬಾಗಿಲು ಇಟ್ಟೆ. ಅದು ಪಕ್ಕದ ಮನೆಯ ತಿಪ್ಪೆಗೆ ಮುಖ ಮಾಡಿತ್ತು.

ಬೀದಿಯ ಉಳಿದ ಮನೆಗಳೆಲ್ಲ ಒಂದೊಂದಾಗಿ ಗೊರಕೆ ಹೊಡೆಯತೊಡಗಿದವು. ಇಂದ್ರಾಣಿಯ ಮನೆಗೆ ನಿದ್ದೆ ಬರಲಿಲ್ಲ. ದೊಡ್ಡವರಾದರೆ ಹೇಗೋ ತಡೆದುಕೊಳ್ಳುತ್ತಾರೆ. ಕೂಸು ಅಳುವುದನ್ನೂ ಬಿಟ್ಟುಬಿಟ್ಟಿತ್ತು, ಕೆಂಪು ಕಣ್ಣು ಬಿಟ್ಟುಕೊಂಡು ಸುಮ್ಮನೆ ನೋಡುತ್ತಿತ್ತು. ನಾನು ದಿನಾ ಬೆಳಿಗ್ಗೆ ಹೋಗಿ ಅದನ್ನು ಎತ್ತಿಕೊಂಡು ಬೀದಿಯುದ್ದ ಓಡಾಡುತ್ತಿದ್ದೆ. "ನಿಮ್ಮಂಥೋರು ಇರೋದಕ್ಕೆ ಉಸಿರಾಡ್ತಿದ್ದೀನಿ ಚೆನ್ನಾಜಕ್ಕ" ಎಂದಳು ಇಂದ್ರಾಣಿ ಒಂದು ದಿನ. ಆ ಮಾತಿಗಿಂತ ಅವಳು ನನ್ನ ಮುಖಕ್ಕೆ ಉಗಿದಿದ್ದರೆ ಸುಖವಿತ್ತು.

ಮುಂದಿನ ತೆರೆಯುವ ದಿನದಂದು ಮಾಸ್ತರು ಮತ್ತೆ ಬಂದರು. ಹಳೆಯ ಬಾಗಿಲನ್ನು ನಿದ್ದೆ ಬರುವವರೆಗೆ ಮುಚ್ಚುವುದಿಲ್ಲವಾದ್ದರಿಂದ ಮತ್ತೆ ಅದೇ ಹೊಸ್ತಿಲ ಮೇಲೆ ನಿಂತರು. ಈ ಸಲ ಸೂಜಿತಟ್ಟೆಯನ್ನು ಸ್ವಲ್ಪ ಎತ್ತಿ ಹಿಡಿದರೋ ಏನೋ, ಸೂಜಿ ಗಡಗಡ ನಡುಗಿತು. ಒಂದು ಕಡೆ ನಿಂತಿತು ಅನ್ನುವಾಗ ಮತ್ತೆ ನಡುಗಿತು. ಮಾಸ್ತರ ಮುಖ ಬಿಳಿಚಿಕೊಂಡಿತು. ತೋರಿಸುವುದನ್ನು ತೋರಿಸಿದರು, ನಾವು ಎರಡನೆಯ ಬಾಗಿಲು ಇಟ್ಟೆವು, ಅದೂ ವ್ಯರ್ಥವಾಯಿತು. ನಾಲ್ಕು ದಿನ ಕಾದು ನೋಡಿ ಮಾಸ್ತರು ಬೀದಿಯವರನ್ನೆಲ್ಲ ಕೂಡಿಸಿ ಹೇಳಿದರು: "ಸೂಜಿ ಹೀಗೆ ನಡುಗಿದರೆ ನಮ್ಮ ಮುತ್ತಜ್ಜ ಒಂದೇ ಅರ್ಥ ಹೇಳಿದ್ದಾರೆ. ಈ ಮನೆಯ ತಳದಲ್ಲಿ ಯಾರದೋ ಹೆಣ ಇದೆ. ಅದಕ್ಕೆ ಶಾಂತಿ ಇಲ್ಲ. ಎರಡು ಬಾಗಿಲು ಇಟ್ಟೂ ನಿದ್ದೆ ಬಾರದ ಮನೇನ ಅಜ್ಜನಿಗೆ ಬಿಡಬೇಕು. ಬರೋ ಒಡೆಯುವ ದಿನ ಕೆಡವಿಬಿಡೋಣ."

ಕೆಡವುವವಳು ಬೇರೆ ಯಾರು? ನಾನೇ.

ಇಂದ್ರಾಣಿ ಅಳಲಿಲ್ಲ. ಅವಳಿಗೆ ಅಳುವಷ್ಟು ಶಕ್ತಿಯೂ ಇರಲಿಲ್ಲ. "ಎಲ್ಲಿಗೆ ಹೋಗೋದು ಮಾಸ್ತರೇ? ಈ ಹೊಳೆ ಬಿಟ್ರೆ ನನ್ನ ಗಂಡನಿಗೆ ಬೇರೆ ಕೆಲಸ ಗೊತ್ತಿಲ್ಲ" ಎಂದಳು. ಮಾಸ್ತರು ತಲೆ ತಗ್ಗಿಸಿದರು. ಕಟುಕರಲ್ಲ ಅವರು, ಆದರೆ ತಮ್ಮ ಸೂಜಿಯ ಮುಂದೆ ಯಾರ ಮಾತನ್ನೂ ಕೇಳುವವರಲ್ಲ. ಮರುದಿನವೇ ಕೆಂಚ ದೋಣಿಯಲ್ಲಿ ನಿಂತಲ್ಲೇ ಮಂಪರು ಹತ್ತಿ, ಕೈಯಿಂದ ಗಳ ಜಾರಿ, ನಡುಹೊಳೆಯಲ್ಲಿ ಬಿದ್ದ. ದೋಣಿಯಲ್ಲಿದ್ದ ಹೆಂಗಸರೇ ಕೂದಲು ಹಿಡಿದು ಎಳೆದುಕೊಂಡರು. ಬೀದಿಯಲ್ಲಿ ಎಲ್ಲರೂ ಹೆಣದ ಕತೆ ಕಟ್ಟುತ್ತಿದ್ದರು. ಒಬ್ಬಳು ಸತ್ತವನು ಎಣ್ಣೆ ವ್ಯಾಪಾರಿ ಎಂದಳು, ಇನ್ನೊಬ್ಬಳು ಸತ್ತದ್ದು ಗರ್ಭಿಣಿ ಎಂದಳು. ನಾನು ಎಲ್ಲ ಕೇಳಿಸಿಕೊಂಡು ಕೂತಿದ್ದೆ.

ಕರಣೆ ಹೋದರೆ ನನಗೆ ಏನು ಉಳಿಯುತ್ತದೆ? ಮದುವೆ ಬೇಡ ಎಂದು ಅಪ್ಪನ ಹಿಂದೆ ಕಲ್ಲು ಹೊತ್ತವಳು ನಾನು. ಈ ಊರಿನಲ್ಲಿ ನನ್ನನ್ನು ಯಾರದೋ ಹೆಂಡತಿ, ಯಾರದೋ ತಾಯಿ ಎಂದು ಕರೆಯುವುದಿಲ್ಲ, ಗಾರೆ ಚೆನ್ನಾಜಿ ಎನ್ನುತ್ತಾರೆ. ಎರಡು ದಿನ ಅದನ್ನೇ ಯೋಚಿಸಿದೆ. ಮೂರನೆಯ ದಿನ ಬೆಳಿಗ್ಗೆ ಮಿಂಗಿಯನ್ನು ಎತ್ತಿಕೊಂಡಾಗ ಅದು ನನ್ನ ಭುಜಕ್ಕೆ ತಲೆ ಒರಗಿಸಲು ನೋಡಿತು, ಆಗಲಿಲ್ಲ, ಕತ್ತು ಮತ್ತೆ ನೆಟ್ಟಗಾಯಿತು. ಸಾಕು ಎನ್ನಿಸಿತು. ಕೂಸನ್ನು ಇಂದ್ರಾಣಿಯ ಕೈಗೆ ಕೊಟ್ಟು ನೆಟ್ಟಗೆ ಮಾಸ್ತರ ಮನೆಗೆ ನಡೆದೆ.

ಅವರು ಜಗುಲಿಯ ಮೇಲೆ ಚಹಾ ಕುಡಿಯುತ್ತಿದ್ದರು. "ಮಾಸ್ತರೇ, ಆ ಮನೆ ಕೆಳಗೆ ಹೆಣ ಇಲ್ಲ. ಬಾಗಿಲ ಮೇಲೆ ಹಾರೆ ಇದೆ. ಇಟ್ಟೋಳು ನಾನು" ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನೇ ಮರುಕದಿಂದ ನೋಡಿದರು.

"ಚೆನ್ನಾಜಿ, ಆ ಮಗೂನ ಹಚ್ಚಿಕೊಂಡಿದ್ದೀಯ, ಗೊತ್ತು. ಅದಕ್ಕೆ ಇಲ್ಲದ್ದನ್ನ ತಲೆ ಮೇಲೆ ಎಳ್ಕೊಬೇಡ."

"ಇಲ್ಲದ್ದಲ್ಲ ಮಾಸ್ತರೇ, ಇರೋದನ್ನೇ ಹೇಳ್ತಿದ್ದೀನಿ."

"ನಾನು ಐವತ್ತು ವರ್ಷ ಈ ತಟ್ಟೆ ಹಿಡಿದಿದ್ದೀನಿ ಕಣಮ್ಮ. ಕಬ್ಬಿಣ ಯಾವುದು, ಹೆಣ ಯಾವುದು ಅಂತ ನನಗೆ ಗೊತ್ತಾಗಲ್ವ? ಹೋಗು, ಕೆಡವೋದಕ್ಕೆ ಸಾಮಾನು ಸರಿಮಾಡ್ಕೋ."

ನನಗೆ ರೇಗಿಹೋಯಿತು. ಇಪ್ಪತ್ತು ವರ್ಷ ಬಚ್ಚಿಟ್ಟ ನಿಜವನ್ನು ಹೊತ್ತು ತಂದು ಕಾಲಬುಡದಲ್ಲಿ ಹಾಕಿದರೆ ಈ ಮನುಷ್ಯ ಬೇಡ ಎನ್ನುತ್ತಾನಲ್ಲ! "ಸರಿ ಮಾಸ್ತರೇ, ಸಾಮಾನು ಸರಿಮಾಡ್ಕೊಂಡೇ ಬರ್ತೀನಿ" ಎಂದು ಎದ್ದು ಬಂದೆ. ಹಾಗೇ ಹೋಗಿ ಕಿತ್ತು ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಡೆಯುವ ದಿನ, ತೆರೆಯುವ ದಿನ ಬಿಟ್ಟು ಬೇರೆ ದಿನ ನಮ್ಮೂರಿನಲ್ಲಿ ಗೋಡೆಗೆ ಉಳಿ ತಾಗಿಸಿದರೆ ಬೀದಿಗೆ ಬೀದಿಯೇ ಕೈ ಹಿಡಿದು ನಿಲ್ಲಿಸುತ್ತದೆ. ಒಡೆಯುವ ದಿನಕ್ಕೆ ಇನ್ನೊಂದೇ ದಿನ ಇತ್ತು. ಕಾದೆ.

ಒಡೆಯುವ ದಿನ ಬೆಳಿಗ್ಗೆ ಬೀದಿಯವರೆಲ್ಲ ಸೇರಿದ್ದರು. ಇಂದ್ರಾಣಿಯ ಪಾತ್ರೆ ಪಡಗ, ತೊಟ್ಟಿಲು, ಒಂದು ಗಂಟು ಬಟ್ಟೆ ಎಲ್ಲ ಹೊರಗೆ ಬಂದಿತ್ತು. ಕೆಂಚ ದೋಣಿಯ ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಕೆಡವುವುದು ಯಾವಾಗಲೂ ಸೂರಿನಿಂದ ಶುರು. ನನ್ನ ಜೊತೆಯ ಗಾರೆಯವನು ಕಾಡಯ್ಯ ಏಣಿ ಹಾಕಿದ. ನಾನು ಏಣಿ ಹತ್ತದೆ ನೇರವಾಗಿ ಹಳೆಯ ಬಾಗಿಲಿಗೆ ಹೋಗಿ, ಅಡ್ಡಗಲ್ಲಿನ ಕೆಳಗೆ ಉಳಿ ಇಟ್ಟೆ.

"ಏ ಚೆನ್ನಾಜಿ! ಮೇಲಿಂದ!" ಎಂದರು ಮಾಸ್ತರು.

"ಒಡೆಯೋ ದಿನ ತಾನೆ? ಒಡೀತಿದ್ದೀನಿ" ಎಂದೆ. ಮೂರೇ ಪೆಟ್ಟಿಗೆ ಗಾರೆ ಚಕ್ಕೆಚಕ್ಕೆಯಾಗಿ ಉದುರಿತು. ಕೆಂಪು ತುಕ್ಕು ಕಂಡಿತು. ಕಾಡಯ್ಯನಿಗೆ ಕಲ್ಲಿಗೆ ಆನಿಕೆ ಕೊಡಲು ಹೇಳಿ, ಎರಡು ಕೈಯಲ್ಲಿ ಹಿಡಿದು ಎಳೆದೆ. ಅಪ್ಪನ ಹಾರೆ ಹೊರಗೆ ಬಂತು. ನಾನು ಅಂದುಕೊಂಡ ಹಾಗೆ ಸವೆದೇನೂ ಇರಲಿಲ್ಲ. ತುದಿಯಲ್ಲಿ ಅಪ್ಪ ಕೊರೆದ ಮೂರು ಗೀಟು ಹಾಗೇ ಇದ್ದವು. ಅದನ್ನು ಹಿಡಿದುಕೊಂಡು ಮಾಸ್ತರ ಮುಂದೆ ಹೋಗಿ ನಿಂತೆ. ಅವರ ಕೈಯಲ್ಲಿದ್ದ ತಟ್ಟೆಯ ಸೂಜಿ ಗಡಗಡ ನಡುಗುತ್ತ ನನ್ನ ಕಡೆಗೆ ತಿರುಗಿತು. ಎರಡು ಹೆಜ್ಜೆ ಹಿಂದೆ ಹೋದೆ, ನಿಂತಿತು. ಮುಂದೆ ಬಂದೆ, ನಡುಗಿತು. "ಹಾಗಾದ್ರೆ ಆ ಎಣ್ಣೆ ವ್ಯಾಪಾರಿ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಯಾರೂ ನಗಲಿಲ್ಲ.

ಇಂದ್ರಾಣಿ ಕೂಸನ್ನು ಸೊಂಟದಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದಳು. "ನಿಮಗೆ ಮೊದಲಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಇಪ್ಪತ್ತೊಂಬತ್ತು ದಿನ ಚೆನ್ನಾಜಕ್ಕ. ದಿನಾ ಬಂದು ಇವಳನ್ನ ಎತ್ತಿಕೊಳ್ತಿದ್ರಿ. ಇವಳ ಕಣ್ಣು ನೋಡ್ತಿದ್ರಿ. ಆಗಲೂ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಅವಳು ಆಗಲೇ ತಿರುಗಿ ಹೋಗಿ ತೊಟ್ಟಿಲನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಅಳಬಾರದು, ಅಳುವ ಹಕ್ಕು ನನ್ನದಲ್ಲ ಎಂದು ಹಲ್ಲು ಕಚ್ಚಿದೆ.

ಹಾರೆ, ಉಳಿ, ಕರಣೆ ಎಲ್ಲವನ್ನೂ ಬೀದಿಯ ತುದಿಗೆ ಕಳಿಸಿ ಮಾಸ್ತರು ಹೊಸ್ತಿಲ ಮೇಲೆ ಮತ್ತೆ ನಿಂತರು. ಸೂಜಿ ಒಮ್ಮೆ ಆಡಿ, ಹೊಳೆಯ ಕಡೆ ಗೋಡೆಗೆ ಸರಿಯಾಗಿ ದಿಕ್ಕು ತೋರಿಸಿ ಅಲುಗದೆ ನಿಂತಿತು. ಅವರು ಬೀದಿಯವರ ಕಡೆ ತಿರುಗಿದರು. "ಸೂಜಿ ಸರಿಯಾಗೇ ಹೇಳಿತ್ತು. ನಾನು ಓದಿದ್ದೇ ತಪ್ಪು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಐವತ್ತು ವರ್ಷದಲ್ಲಿ ಆ ಬಾಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ. ಆಮೇಲೆ ನನ್ನ ಕಡೆ ಕೈ ಚಾಚಿದರು. ನಾನು ಬೀದಿಯ ತುದಿಯಿಂದ ಕರಣೆ ತಂದು ಕೊಟ್ಟೆ. ಅವತ್ತೇ ಅವರ ಮನೆಯ ಗೂಡಿನಲ್ಲಿಟ್ಟು ಕಾಡಯ್ಯನ ಕೈಯಲ್ಲಿ ಗಾರೆ ಬಳಿಸಿದರು. ಅವನು ಬಳಿಯುವುದನ್ನು ನೋಡುತ್ತ ನಿಂತಿದ್ದೆ. "ಅಂಚು ಸರಿಯಾಗಿ ಒತ್ತು, ಬಿರುಕು ಬಿಡುತ್ತೆ" ಎಂದೆ. ಅಜ್ಜ ಇನ್ನೊಮ್ಮೆ ಮಗ್ಗುಲಾಗುವಾಗ ನನಗೆ ಅರವತ್ತು ದಾಟಿರುತ್ತದೆ. ದಾಟಲಿ. ಬಂದು ತೆಗೆದುಕೊಳ್ಳುತ್ತೇನೆ.

ತೆರೆಯುವ ದಿನಕ್ಕೆ ಇನ್ನೂ ನಾಲ್ಕು ದಿನ. ಇವತ್ತೇ ಬಾಗಿಲು ಒಡೆದುಬಿಡೋಣ, ಕೂಸಿನ ಮುಖ ನೋಡಿ ಎಂದು ಬೀದಿಯವರು ಮಾಸ್ತರನ್ನು ಬೇಡಿಕೊಂಡರು. ಅವರು ಒಪ್ಪಲಿಲ್ಲ. ಒಡೆಯುವ ದಿನ ಇಟ್ಟ ಬಾಗಿಲು ಒಡೆದೇ ಹೋಗುತ್ತದೆ ಎಂದರು. ನನಗೂ ಅವಸರ ಮಾಡುವ ಧೈರ್ಯ ಇರಲಿಲ್ಲ. ಹಿಂದೊಮ್ಮೆ ಅವಸರ ಮಾಡಿ ಆದದ್ದು ಎಲ್ಲರ ಕಣ್ಣ ಮುಂದೆ ಇತ್ತು. ಆ ನಾಲ್ಕು ದಿನ ನಾನು ಕಲ್ಲುಗಣಿಯಲ್ಲಿ ಕೂತು ಹೊಸ ಬಾಗಿಲಿಗೆ ಅಡ್ಡಗಲ್ಲು ಆರಿಸಿದೆ. ಒಂದೊಂದನ್ನೂ ಬೆರಳಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಹದಿನೇಳು ಕಲ್ಲು ಬೇಡ ಎಂದು ಹದಿನೆಂಟನೆಯದನ್ನು ತೆಗೆದೆ. ಕರಣೆ ಹಿಡಿಯಬಾರದು ಎಂದರು, ಕಲ್ಲು ಹೊರಬಾರದು ಎಂದು ಯಾರೂ ಹೇಳಿರಲಿಲ್ಲ. ತೆರೆಯುವ ದಿನ ಬೆಳಿಗ್ಗೆ ಕಾಡಯ್ಯನ ಹತ್ತಿರ ಹೋಗಿ "ನಿನ್ನ ಆಳಾಗಿ ಬರ್ತೀನಿ" ಎಂದೆ. ನನ್ನ ಕೈಯಲ್ಲಿ ಕಲಿತವನು ಅವನು. ಮುಜುಗರಪಟ್ಟ. "ಸುಮ್ನೆ ಹೂಂ ಅನ್ನು ಮಾರಾಯ" ಎಂದು ಗದರಿಸಿದ ಮೇಲೆ ಹೂಂ ಎಂದ.

ಮಾಸ್ತರು ಹೊಳೆಯ ಕಡೆಯ ಗೋಡೆಯ ಮುಂದೆ ಊದಿನಕಡ್ಡಿ ಹಚ್ಚಿ ಮರಳಿನಲ್ಲಿ ಸಿಕ್ಕಿಸಿ ಕೂತರು. ಕಾಡಯ್ಯ ಒಡೆದ, ನಾನು ಮಣ್ಣು ಹೊತ್ತು ಹಾಕಿದೆ. ಅರ್ಧ ಕಡ್ಡಿ ಉರಿಯುವಷ್ಟರಲ್ಲಿ ಬಾಗಿಲಿನಷ್ಟು ಜಾಗ ತೆರೆಯಿತು. ಚೌಕಟ್ಟು ನಿಲ್ಲಿಸಿದೆವು. ಎರಡು ಬೆರಳು ಕಡ್ಡಿ ಉಳಿದಿತ್ತು. ಹದಿನೆಂಟನೆಯ ಕಲ್ಲನ್ನು ಒಂದು ತುದಿ ಕಾಡಯ್ಯ, ಒಂದು ತುದಿ ನಾನು, ಹೆಗಲ ಮೇಲೆ ಹೊತ್ತು ಎತ್ತಿದೆವು. ಇನ್ನು ಅದನ್ನು ಗೋಡೆಗೆ ಕೂರಿಸಿ ಮರದ ಕೊಡತಿಯಿಂದ ನಾಲ್ಕು ಏಟು ಬಡಿದರೆ ಆಯಿತು. ಅಷ್ಟರಲ್ಲಿ ಹೊಳೆಯ ಮೇಲಿನ ಬೆಳಕು ಗಾಳಿ ಎರಡೂ ಒಳಗೆ ಬಂದವು. ನಡುಮನೆಯಲ್ಲಿ ಇಂದ್ರಾಣಿ ಕೂಸನ್ನು ಎದೆಗೆ ಹಾಕಿಕೊಂಡು ನಿಂತಿದ್ದಳು. ಮಿಂಗಿ ಒಂದು ಸಲ ಆಕಳಿಸಿತು. ತಲೆ ಮೆಲ್ಲಗೆ ವಾಲಿತು, ಅಮ್ಮನ ಭುಜಕ್ಕೆ ತಾಗಿತು, ಅಲ್ಲೇ ನಿಂತಿತು. ಬಾಯಿ ಅರ್ಧ ತೆರೆದುಕೊಂಡಿತು.

ಕಾಡಯ್ಯ ಖಾಲಿ ಕೈಯಲ್ಲಿ ಕೊಡತಿ ಎತ್ತಿದ. ಮಾಸ್ತರು ಸರಕ್ಕನೆ ಕೈ ಎತ್ತಿದರು.

"ಮಾಸ್ತರೇ, ಕಡ್ಡಿ..." ಎಂದು ಕಾಡಯ್ಯ ಪಿಸುಗುಟ್ಟಿದ.

"ಉರೀಲಿ. ಮಗು ಮಲಗಿದೆ."

ಕಲ್ಲು ಇಳಿಸಿದರೂ ಸದ್ದಾಗುತ್ತದೆ ಎಂದು ಎಲ್ಲರೂ ನಿಂತಲ್ಲೇ ನಿಂತೆವು. ಕಡ್ಡಿಯ ಬೂದಿ ಬಾಗಿ ಮರಳಿಗೆ ಬಿತ್ತು. ಕೆಂಡ ಮರಳಿಗೆ ತಾಗಿ ಆರಿತು. ಗಳಿಗೆ ಮೀರಿತು. ಆ ಮನುಷ್ಯ ಒಂದು ಗಳಿಗೆ ಮೀರಲು ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಸದ್ದಾಗದ ಹಾಗೆ ಎದ್ದು ಬಂದು, ತಮ್ಮ ಹೆಗಲವಸ್ತ್ರ ತೆಗೆದು ಮಡಚಿ, ನನ್ನ ಭುಜಕ್ಕೂ ಕಲ್ಲಿಗೂ ನಡುವೆ ತೂರಿಸಿದರು. ಇಂದ್ರಾಣಿ ಗೋಡೆಗೆ ಒರಗಿ ಕುಸಿದು ಕೂತಿದ್ದಳು. ಅವಳ ಕಣ್ಣೂ ಎಳೆಯುತ್ತಿತ್ತು. ನಾಲ್ಕು ದಿನದಿಂದ ನನ್ನ ಕಡೆ ತಿರುಗಿಯೂ ನೋಡದವಳು ಆಗ ಒಂದು ಸಲ ತಲೆ ಎತ್ತಿದಳು.

"ಬೀಳಿಸ್ಬೇಡಿ ಚೆನ್ನಾಜಕ್ಕ" ಎಂದಳು. ಅಷ್ಟು ಹೇಳಿ ಮಲಗಿಬಿಟ್ಟಳು.

ಬಿಸಿಲು ಹೊಸ್ತಿಲಿನಿಂದ ನಡುಮನೆಗೆ ಬಂದು, ಅಲ್ಲಿಂದ ಮತ್ತೆ ಹೊಸ್ತಿಲಿಗೆ ಹೋಯಿತು. ಕಾಡಯ್ಯನ ಜಾಗಕ್ಕೆ ಇಬ್ಬರು ಬದಲಾದರು. ನನ್ನನ್ನೂ ಬಿಡಿಸಲು ಒಬ್ಬರು ಹತ್ತಿರ ಬಂದರು, ನಾನು ಬೇಡ ಎಂದು ತಲೆಯಾಡಿಸಿದೆ. ಭುಜ ಉರಿಯುತ್ತಿತ್ತು, ಕಾಲು ಮರಗಟ್ಟಿತ್ತು. ಕೂಸು ಎದ್ದು ಅಳುವವರೆಗೂ ನಾನು ಆ ಕಲ್ಲನ್ನು ಬೀಳಿಸಲಿಲ್ಲ.